ಪಡಿಯಚ್ಚು ಯಾಕೆ ಬೇಕು?

ನಮ್ಮಣ್ಣನ ಮನೆ ತಿರುವನಂತಪುರದ ಶ್ರೀಕಾರ್ಯಂನಲ್ಲಿದೆ. ರಜೆಗೆ ಹೋದಾಗ ಹತ್ತಿರದ ಕಾರ್ಯವಟ್ಟಂನಲ್ಲಿರುವ ಕೇರಳ ವಿಶ್ವವಿದ್ಯಾನಿಲಯದ ಹಸ್ತಪ್ರತಿ ಭಂಡಾರಕ್ಕೆ ಹೋಗಿದ್ದೆ. ಓಲೆಕಟ್ಟುಗಳನ್ನು ನೋಡುತ್ತಾ ಒಂದು ಪ್ರಶ್ನೆ ಹುಟ್ಟಿತು: ಗ್ರಂಥ ಅಚ್ಚಾದ ಮೇಲೂ ಈ ಗರಿ ಯಾಕೆ ಬೇಕು?

ಕೌಟಿಲ್ಯನ ಅರ್ಥಶಾಸ್ತ್ರವನ್ನೇ ತೆಗೆದುಕೊಳ್ಳಿ. ಅದರ ಮೂರನೆಯ ಅಧಿಕರಣ ಪೂರ್ತಿ ಕಾನೂನು: ಮದುವೆ, ಪಾಲು, ಸಾಲ, ಗಡಿ. ಗ್ರಂಥಲಿಪಿಯ ಓಲೆಪ್ರತಿಯಿಂದ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು. ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳು 1924-25ರಲ್ಲಿ ಇನ್ನೊಂದು ಆವೃತ್ತಿ ತಂದರು. ಇಬ್ಬರದೂ ದೊಡ್ಡ ಕೆಲಸವೇ. ಆದರೆ ಅಚ್ಚಿನಲ್ಲಿ ನಾವು ಓದುವುದು ಸಂಪಾದಕರು ಓದಿದ್ದನ್ನು. ಎರಡು ಪಾಠ ಬೇರೆಯಾದ ಕಡೆ ಮತ್ತೆ ಗರಿಯನ್ನೇ ಕೇಳಬೇಕು.

ನಮ್ಮ ಕನ್ನಡದ್ದೇ ಉದಾಹರಣೆ ಹೇಳ್ತೇನೆ. ಹಳೆಯ ಓಲೆಗಳಲ್ಲಿ ಒ-ಓ ಭೇದ ಸಾಮಾನ್ಯವಾಗಿ ಕಾಣಿಸುವುದಿಲ್ಲ. ‘ಕೊಡು’ ಅಂತ ಓದಬೇಕೋ ‘ಕೋಡು’ ಅಂತಲೋ? ಸಂಪಾದಕರು ಒಂದನ್ನು ಆರಿಸುತ್ತಾರೆ. ಅಲ್ಲಿ ಆಯ್ಕೆಯೊಂದು ನಡೆದಿತ್ತು ಅನ್ನೋದೇ ಓದುವವನಿಗೆ ತಿಳಿಯುವುದಿಲ್ಲ. ಪಡಿಯಚ್ಚು ಎಂದರೆ ಪುಟವನ್ನು ಇದ್ದ ಹಾಗೇ, ಅಳತೆ, ಬಣ್ಣ, ಕಲೆ, ತೂತು ಸಮೇತ ಚಿತ್ರ ತೆಗೆದು ಅಚ್ಚು ಮಾಡುವುದು. ಅದು ತಿದ್ದುವುದಿಲ್ಲ, ಬರೀ ತೋರಿಸುತ್ತದೆ.

ಇದರ ಬೆಲೆ ಜರ್ಮನಿಯವರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಐಕೆ ಫಾನ್ ರೆಪ್ಗೋ ಎಂಬಾತ 13ನೆಯ ಶತಮಾನದಲ್ಲಿ ಜನರ ರೂಢಿಯ ಕಾನೂನನ್ನು ‘ಜಾಕ್ಸೆನ್‌ಷ್ಪೀಗೆಲ್’ ಎಂಬ ಗ್ರಂಥವಾಗಿ ಬರೆದ. ಗಿರಣಿಗೆ ಮೊದಲು ಬಂದವನ ಕಾಳು ಮೊದಲು ಬೀಸಬೇಕು ಎಂಬಂಥ ನಿಯಮವೂ ಅದರಲ್ಲುಂಟು. ಅದರ ನಾಲ್ಕು ಸಚಿತ್ರ ಪ್ರತಿಗಳು ಉಳಿದಿವೆ. ಒಂದು ಕಡೆ ಬರಹ, ಪಕ್ಕದಲ್ಲಿ ಚಿತ್ರ; ಬರಹದ ಮೊದಲಕ್ಷರವೇ ಚಿತ್ರದಲ್ಲೂ ಇರುತ್ತದೆ, ಯಾವುದಕ್ಕೆ ಯಾವುದು ಅಂತ ತಿಳಿಯಲು. ಬರೀ ಮಾತನ್ನು ಅಚ್ಚು ಮಾಡಿದರೆ ಈ ಏರ್ಪಾಡೇ ಮಾಯ. ಡ್ರೆಸ್ಡೆನ್ ಪ್ರತಿಯ ಪಡಿಯಚ್ಚನ್ನು ಕಾರ್ಲ್ ಫಾನ್ ಅಮೀರಾ 1902ರಲ್ಲಿ ಹೊರತಂದರು. 1945ರಲ್ಲಿ, ಯುದ್ಧದ ಕೊನೆಯಲ್ಲಿ, ಮೂಲಪ್ರತಿಗೆ ನೀರು ಹೊಕ್ಕು ಚಿತ್ರಗಳು ಕೆಟ್ಟವು. ಕೆಡುವ ಮುಂಚೆ ಅವು ಹೇಗಿದ್ದವು ಅನ್ನೋದಕ್ಕೆ ಆ ಪಡಿಯಚ್ಚೇ ಸಾಕ್ಷಿ.

ನಮ್ಮಜ್ಜನ ಮನೆಯಲ್ಲೂ ಒಂದು ಓಲೆಕಟ್ಟಿತ್ತಂತೆ. ಓದಲು ಬಲ್ಲವರು ಇಲ್ಲವೆಂದು ಪೂಜೆ ಮಾಡಿ ಹೊಳೆಗೆ ಬಿಟ್ಟರಂತೆ. ಅದರಲ್ಲಿ ಏನಿತ್ತೋ! ಗೆಳೆಯರೆ, ನಿಮ್ಮ ಮನೆಯ ಅಟ್ಟದ ಮೇಲೆ ಓಲೆಯೋ ಕಡತವೋ ಇದ್ದರೆ, ಓದಲು ಬಾರದಿದ್ದರೂ ಚಿಂತೆಯಿಲ್ಲ, ಗರಿಗರಿಗೂ ಫೋಟೋ ತೆಗೆದಿಡಿ. ಓದುವವರು ನಾಳೆ ಬಂದಾರು.