ಬ್ಯಾಜಿನ ಬೆನ್ನು ನೋಡ್ರಿ!

ನವೆಂಬರ್ 1ರಂದು ಎದೀ ಮ್ಯಾಲ ಹಳದಿ-ಕೆಂಪು ಬ್ಯಾಜ್ ಚುಚ್ಕೊಂಡೀರಿಲ್ಲ? ಮಸಗುಪ್ಪಿಯಿಂದ ಬೆಳಗಾವಿ ತನಕ ಎಲ್ಲಾರಿಗೂ ಗೊತ್ತಿರೋ ಈ ದುಂಡನ ಪಿನ್ ಬ್ಯಾಜಿಗೆ ಅಮೆರಿಕಾದಾಗ ಒಂದು ತುಂಟ ಅಣ್ಣ ಅದಾನ.

ಮೊದಲ ಬ್ಯಾಜಿನ ಹೊಟ್ಟಿ ನೋಡೂಣು. ಕೆಳಗ ತಗಡು, ಅದರ ಮ್ಯಾಲ ಚಿತ್ರದ ಕಾಗದ, ಅದರ ಮ್ಯಾಲ ತೆಳ್ಳನ್ನ ಪಾರದರ್ಶಕ ಹಾಳಿ. ಹಿಂದಿನಿಂದ ಒಂದು ಉಂಗುರ ಒತ್ತಿದ್ರ ಮೂರೂ ಗಟ್ಟಿ. ಒಳಗ ಬಗ್ಗಿಸಿದ ತಂತಿಯ ಪಿನ್ನು. 1896ರಾಗ ನ್ಯೂಜೆರ್ಸಿಯ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ ಇದಕ್ಕ ಪೇಟೆಂಟ್ ತಗೊಂತು. ಆಗಿನ ಹಾಳಿ ಸೆಲ್ಯುಲಾಯ್ಡ್.

ಇನ್ನ ಆ ತುಂಟ ಅಣ್ಣನ ಕತಿ. 1968ರಾಗ ಸ್ಯಾನ್‌ಫ್ರಾನ್ಸಿಸ್ಕೋದಾಗ ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್ 'ಝ್ಯಾಪ್ ಕಾಮಿಕ್ಸ್' ತಂದ. ದೊಡ್ಡ ಪ್ರಕಾಶಕರ ಹಂಗಿಲ್ಲ, ಸೆನ್ಸಾರ್ ಮುದ್ರೆ ಇಲ್ಲ. ಇಂಥಾ 'ಭೂಗತ' ಕಾಮಿಕ್ಸಿನ ಚಿತ್ರಗಳು ಬ್ಯಾಜಿಗೂ ಏರಿದ್ವು. ಪುಸ್ತಕ ಓದಾಕ ಕುಂದರಬೇಕು. ಬ್ಯಾಜ್ ಮಂದಿ ಜೋಡಿ ನಡದಾಡ್ತೈತಿ.

ಸಂಗ್ರಹ ಮಾಡವರು ಮಾರಿ ನೋಡಿ ಮರುಳಾಗೂದಿಲ್ಲ, ತಿರುವಿ ನೋಡ್ತಾರ. ಅಂಚಿನ ಸಣ್ಣ ಅಕ್ಷರದಾಗ ಇಸವಿ, ಕಲಾವಿದನ ಹೆಸರು ಇರಬಹುದು. ಬ್ಯಾಜಿನ ದೊಡ್ಡ ವೈರಿ ತೇವ. ಘಟಪ್ರಭಾ ಸೀಮಿ ಮಳಿಗಾಲದಾಗ ಪಿನ್ನಿಗೆ ತುಕ್ಕು, ಕಾಗದಕ್ಕ ಕಂದು ಕಲೆ. ನೀರಾಗ ತೊಳೀಬ್ಯಾಡ್ರಿ, ಒಣ ಅರಿವಿಲೆ ಒರಸ್ರಿ, ಡಬ್ಬಿಯಾಗ ತೇವ ಹೀರೋ ಸಿಲಿಕಾ ಪೊಟ್ಟಣ ಇಡ್ರಿ.

ಈಗ ಏಳ್ರಿ, ಟ್ರಂಕಿನ್ಯಾಗಿನ ಹಳೇ ಬ್ಯಾಜ್ ತಗದು ತಿರುವ್ರಿ!