ಗಚ್ಚಿನ ಕೆಲಸ ನೋಡಲು ಹೊಳಕುಂದಾದಲ್ಲಿ ಇಳಿಯಿರಿ

ಕಲಬುರಗಿಯಿಂದ ಹುಮನಾಬಾದ್ ಬಸ್ ಹತ್ತಿದವರಿಗೆ ಕಮಲಾಪುರ ಅಂದರೆ ಕೆಂಪು ಬಾಳೆಹಣ್ಣು. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಹಣ್ಣು. ಬೆಲೆಯೂ ಆ ಗತ್ತಿಗೆ ತಕ್ಕಂತೆಯೇ. ಅದೇ ತಾಲ್ಲೂಕಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಮ್ಮಟಗಳ ಗುಂಪೊಂದಿದೆ. ಅದನ್ನು ನೋಡಲೆಂದೇ ಇಳಿಯುವವರು ಕಡಿಮೆ.

ಹಳೆಯ ಕಸುಬುಗಳನ್ನು ನೋಡಬೇಕೆಂದರೆ ರಾಮನಗರದ ಜಾನಪದ ಲೋಕದಲ್ಲಿ ‘ಆಯಗಾರಮಾಳ’ ಇದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಆ ಆವರಣದಲ್ಲಿ ಊರಿನ ಕಸುಬುದಾರರ ಸಲಕರಣೆಗಳನ್ನು ಕೂಡಿಸಿಟ್ಟಿದ್ದಾರೆ. ಕಲಬುರಗಿ ಸೀಮೆಯದು ತದ್ವಿರುದ್ಧ ಕಥೆ. ಸಲಕರಣೆ ಉಳಿದಿಲ್ಲ, ಮಾಡಿದ ಕೆಲಸ ಮಾತ್ರ ಆರುನೂರು ವರ್ಷಗಳಿಂದ ಬಯಲಲ್ಲೇ ನಿಂತಿದೆ. ಬಯಲಿನ ಈ ವಸ್ತುಸಂಗ್ರಹಾಲಯದಲ್ಲಿ ನಾವು ಸುಲ್ತಾನರ ಹೆಸರು ಓದಿ ಹೊರಟುಬಿಡುತ್ತೇವೆ. ನೋಡಬೇಕಾದದ್ದು ಗೋಡೆಯನ್ನು.

ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಸುಲ್ತಾನ ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ಯುವವರೆಗೆ ಕಲಬುರಗಿಯೇ ಕೇಂದ್ರ. ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಸಾಮಾನ್ಯವಾಗಿ ಬಯಲಾಗಿ ಬಿಡುವ ಅಂಗಳದ ಮೇಲೂ ಇಲ್ಲಿ ಗುಮ್ಮಟಗಳ ಮಾಡು ಹೊದಿಸಿದ್ದಾರೆ. ಊರ ಪೂರ್ವಕ್ಕೆ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್‌ಗೆ ಹೋದರೆ ಕಸುಬು ಬೆಳೆದ ಬಗೆ ಕಣ್ಣಿಗೇ ಕಾಣುತ್ತದೆ. ಮೊದಮೊದಲಿನ ಗೋರಿಗಳದು ಒಳಕ್ಕೆ ವಾಲಿದ ದಪ್ಪ ಗೋಡೆ, ಸಿಂಗಾರ ಕಡಿಮೆ. 1422ರಲ್ಲಿ ತೀರಿಕೊಂಡ ಸುಲ್ತಾನ ಫಿರೋಜ್ ಶಾಹನ ಜೋಡಿ ಗೋರಿಗೆ ಬರುವಷ್ಟರಲ್ಲಿ ಒಳಗೋಡೆ, ಕಮಾನುಗಳ ತುಂಬ ಗಚ್ಚಿನ ಬಳ್ಳಿ, ಜಾಲರಿ, ದುಂಡು ಪದಕ.

ಗಚ್ಚು ಅಂದರೆ ಬರೀ ಸುಣ್ಣವಲ್ಲ. ಸುಣ್ಣದ ಕಲ್ಲನ್ನು ಸುಟ್ಟು, ನೀರಲ್ಲಿ ಅರಳಿಸಿ, ಹಲವು ದಿನ ಕೊಳೆಹಾಕಬೇಕು. ಆಮೇಲೆ ಮರಳು, ಇಟ್ಟಿಗೆಪುಡಿ ಸೇರಿಸಿ ಗಾಣಕ್ಕೆ ಹಾಕುತ್ತಾರೆ. ಎತ್ತು ಸುತ್ತಿದಂತೆ ಕಲ್ಲಿನ ಗಾಲಿ ದುಂಡು ಕಾಲುವೆಯಲ್ಲಿ ಉರುಳಿ ಅದನ್ನು ಬೆಣ್ಣೆಯಂತೆ ಅರೆಯುತ್ತದೆ. ನಮ್ಮ ಕಡೆಯ ಹಳೆಯ ಗಾರೆ ಕೆಲಸದಲ್ಲಿ ಬೆಲ್ಲದ ನೀರು, ಅಳಲೆಕಾಯಿಯ ರಸವೂ ಬೀಳುತ್ತಿತ್ತು. ಗೋಡೆಗೆ ಮೆತ್ತಿದ ಮೇಲೆ ಹಸಿ ಆರುವ ಮೊದಲೇ ಕೊರೆದು ಮುಗಿಸಬೇಕು; ತಪ್ಪಿದರೆ ಕೆರೆದು ಮತ್ತೆ ಬಳಿಯುವುದೇ ದಾರಿ. ಇಷ್ಟು ಮಾಡಿದವರ ಹೆಸರು ನಮಗೆ ಗೊತ್ತಿಲ್ಲ. ಸುಲ್ತಾನರ ಜಗಳಗಳನ್ನು ಮಾತ್ರ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ!

ಹೊಳಕುಂದಾದಲ್ಲಿ ಗದ್ದಲವಿಲ್ಲ, ಆದ್ದರಿಂದ ಪುರಸೊತ್ತಿನಲ್ಲಿ ನೋಡಬಹುದು. ಗಚ್ಚು ಉದುರಿದ ಕಡೆ ಕಲ್ಲುಕಟ್ಟಡ ಬಯಲಾಗಿರುತ್ತದೆ. ಪದರದ ಮೇಲೆ ಪದರ ಹೇಗೆ ಕೂತಿತ್ತೆಂದು ಅಲ್ಲೇ ತಿಳಿಯುತ್ತದೆ. ನನ್ನ ಮಟ್ಟಿಗೆ ಪೂರ್ತಿ ದುರಸ್ತಿಯಾದ ಗೋಡೆಗಿಂತ ಇದೇ ಒಳ್ಳೆಯ ಪಾಠಶಾಲೆ.

ಇದೇ ಕಲಬುರಗಿ ಜಿಲ್ಲೆಯ ಸುಣ್ಣದ ಕಲ್ಲು ಇಂದು ವಾಡಿ, ಸೇಡಂ ಕಡೆಯ ಕಾರ್ಖಾನೆಗಳಲ್ಲಿ ಸಿಮೆಂಟಾಗುತ್ತಿದೆ. ಆ ಸಿಮೆಂಟೇ ಹಳೆಯ ಗಚ್ಚಿಗೆ ವೈರಿ. ಗಚ್ಚು ಗೋಡೆಯ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ತಡೆದ ತೇವ ಒಳಗಿನ ಗಚ್ಚನ್ನೇ ಸಡಿಲಿಸಿ ಪದರುಪದರಾಗಿ ಕಳಚುತ್ತದೆ.

ಹೋಗುವುದಾದರೆ ನವೆಂಬರಿನಿಂದ ಫೆಬ್ರುವರಿಯೊಳಗೆ, ಬೆಳಗಿನ ಹೊತ್ತಿಗೆ ಹೋಗಿ. ಬೇಸಿಗೆಯ ಬಿಸಿಲು ನಿಲ್ಲಗೊಡುವುದಿಲ್ಲ. ನಿಮ್ಮೂರಿನ ಹಳೆಯ ಗುಡಿ, ಮಸೀದಿ, ವಾಡೆಗಳಿಗೆ ದುರಸ್ತಿ ಬಂದಾಗ ಸಿಮೆಂಟ್ ಚೀಲ ಇಳಿಸುವ ಮೊದಲು ಸುಣ್ಣದ ಕೆಲಸ ಬಲ್ಲವರೊಬ್ಬರನ್ನು ಹುಡುಕಿ ಕೇಳಿ.