ಹೊಳೆಯ ಆಚೆ ದಡದಿಂದ ಗೂಡ್ಸು ಗಾಡಿಯ ಚಿತ್ರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಬಂಡೆಯ ಬೆಟ್ಟಗಳೂ ಮರಳಿನ ಹೊಳೆಗಳೂ ಮನೆಯ ಹಿತ್ತಲಿನಷ್ಟೇ ಪರಿಚಿತವಾದವು. ರೈಲು ಮಾತ್ರ ಬಹುಕಾಲ ಹೊರಗಿನ ವಸ್ತುವಾಗಿಯೇ ಉಳಿಯಿತು. ಅದನ್ನು ನೋಡಬೇಕಾದರೆ ತುಮಕೂರಿಗೋ ಗೌರಿಬಿದನೂರಿಗೋ ಹಿಂದೂಪುರಕ್ಕೋ ಹೋಗಬೇಕಾಗಿತ್ತು. ಆದುದರಿಂದ, ನಮ್ಮ ವಿದ್ಯಾರ್ಥಿಗಳು ಕೆಲವರು ಹೊಳೆಯ ಪಕ್ಕದಲ್ಲಿ ಓಡುವ ಗೂಡ್ಸು ಗಾಡಿಯ ಛಾಯಾಚಿತ್ರ ತೆಗೆಯಲೇಬೇಕೆಂದು ಹಠ ಹಿಡಿದಾಗ, ನಾವು ಅವರನ್ನು ಗೌರಿಬಿದನೂರಿನ ಕಡೆಗೆ, ಉತ್ತರ ಪಿನಾಕಿನಿಯ ದಡಕ್ಕೆ ಕರೆದುಕೊಂಡು ಹೋದೆವು.

ಈ ಹೊಳೆ ನಮಗೆ ಪರಕೀಯವಲ್ಲ. ನಂದಿಯ ಗಿರಿಶ್ರೇಣಿಯಲ್ಲಿ ಹುಟ್ಟಿ, ಗೌರಿಬಿದನೂರನ್ನು ದಾಟಿ, ಹಿಂದೂಪುರದ ಸೀಮೆಯನ್ನು ಸೇರುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಬರುವ ಜಯಮಂಗಲಿ ಅಲ್ಲಿ ಇದರೊಡನೆ ಕೂಡಿಕೊಳ್ಳುತ್ತದೆ. ಮುಂದೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಪಕ್ಕದಲ್ಲಿ ಹಾದು ಮತ್ತೆ ಆಂಧ್ರಕ್ಕೆ ಹೋಗುತ್ತದೆ. ವರ್ಷದ ಬಹುಭಾಗ ಇದರಲ್ಲಿ ಕಾಣುವುದು ಮರಳೇ. ಒಳ್ಳೆಯ ಮಳೆಯಾದಾಗ ಮಾತ್ರ ಅಲ್ಲಲ್ಲಿ ನೀರು ನಿಂತು ಕನ್ನಡಿಯಂತೆ ಹೊಳೆಯುತ್ತದೆ. ಬೆಂಗಳೂರಿನಿಂದ ಗುಂತಕಲ್ಲಿಗೆ ಹೋಗುವ ರೈಲು ದಾರಿಯೂ ಗೌರಿಬಿದನೂರು, ಹಿಂದೂಪುರಗಳ ಮೂಲಕವೇ ಸಾಗುತ್ತದೆ.

ದೂರದಲ್ಲಿ ಗಾಡಿಯ ಸದ್ದು ಕೇಳಿದೊಡನೆ ನಮ್ಮ ಹುಡುಗರಲ್ಲೊಬ್ಬನು ಕ್ಯಾಮರಾ ಹಿಡಿದು ಹಳಿಯ ಕಡೆಗೆ ಓಡಿದನು. ನಾವು ಕೂಗಿ ಕರೆದರೂ ಹಳಿಯಿಂದ ಹದಿನೈದು ಮೀಟರ್ ದೂರಕ್ಕೆ ಹೋಗಿಯೇ ನಿಂತನು. ಗಾಡಿ ಹೋಯಿತು; ಹುಡುಗನು ಕ್ಷೇಮವಾಗಿ ಹಿಂತಿರುಗಿದನು. ನಮ್ಮ ಎದೆಯ ಬಡಿತ ಮಾತ್ರ ಬಹಳ ಹೊತ್ತು ಇಳಿಯಲಿಲ್ಲ. ಅವನು ತಂದ ಚಿತ್ರದಲ್ಲಿ ಕಂಡದ್ದೇನು? ಒಂದು ಕಂದು ಬಣ್ಣದ ಗೀಚು, ಅಷ್ಟೆ. “ಹತ್ತಿರ ಹೋದರೆ ಚಿತ್ರ ಚೆನ್ನಾಗಿ ಬರುತ್ತದೆಂದುಕೊಂಡೆ, ಸಾರ್” ಎಂದನು. ಈ ನಂಬಿಕೆ ಅವನೊಬ್ಬನದೇ ಅಲ್ಲ. ಇದು ಸರಿಯೋ ತಪ್ಪೋ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಗಾಡಿಯ ವೇಗ ಗಂಟೆಗೆ 60 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಕ್ಯಾಮರಾದ ಷಟರ್ ಸೆಕೆಂಡಿನ 125ನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದರೆ, ಅಷ್ಟರಲ್ಲೇ ಗಾಡಿ 13 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಮುಂದೆ ಸರಿದಿರುತ್ತದೆ. ಆದರೆ ಚಿತ್ರ ಕೆಡುವುದು ಗಾಡಿ ಸರಿದುದರಿಂದಲ್ಲ, ಕ್ಯಾಮರಾದೊಳಗಿನ ಬಿಂಬ ಸರಿದುದರಿಂದ. 36 ಮಿಲಿಮೀಟರ್ ಅಗಲದ ಚಿತ್ರಪಟ್ಟಿಯುಳ್ಳ ಕ್ಯಾಮರಾದಲ್ಲಿ ಬಿಂಬ ಸುಮಾರು 0.03 ಮಿಲಿಮೀಟರಿನಷ್ಟು ಸರಿದರೂ ನಮ್ಮ ಕಣ್ಣಿಗೆ ಅದು ಸ್ಪಷ್ಟವಾಗಿಯೇ ತೋರುತ್ತದೆ. ಅದನ್ನು ಬಹಳ ಮೀರಿದರೆ ಚಿತ್ರ ಅಳಿಸಿದಂತಾಗುತ್ತದೆ.

ಮಸೂರದ ಸಂಗಮದೂರ 50 ಮಿಲಿಮೀಟರ್ ಆಗಿರಲಿ. ಹದಿನೈದು ಮೀಟರ್ ದೂರದ ವಸ್ತುವಿನ ಬಿಂಬ ಆ ವಸ್ತುವಿನ 300ನೆಯ ಒಂದು ಭಾಗದಷ್ಟು ದೊಡ್ಡದು. ಆದುದರಿಂದ ನಮ್ಮ ಹುಡುಗನ ಚಿತ್ರದಲ್ಲಿ ಬಿಂಬ 0.44 ಮಿಲಿಮೀಟರ್ ಸರಿದಿತ್ತು. ಮಿತಿಯ ಹದಿನಾಲ್ಕು ಪಾಲಿಗೂ ಹೆಚ್ಚು! ಅಷ್ಟೇ ಅಲ್ಲ, ಆ ದೂರದಿಂದ ಚಿತ್ರದೊಳಗೆ ಹಿಡಿಸುವುದು 10.8 ಮೀಟರ್ ಉದ್ದ ಮಾತ್ರ. ಕಲ್ಲಿದ್ದಲು, ಅದಿರುಗಳನ್ನು ಸಾಗಿಸುವ ಬಾಕ್ಸ್‌ಎನ್ ಎಂಬ ವ್ಯಾಗನ್ನಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. 58 ವ್ಯಾಗನ್ನುಗಳ ಗಾಡಿಯಲ್ಲಿ ಅವನಿಗೆ ದೊರೆತದ್ದು ಒಂದು!

ಈಗ ಅವನನ್ನು ಹೊಳೆಯ ಆಚೆ ದಡಕ್ಕೆ, 300 ಮೀಟರ್ ದೂರಕ್ಕೆ ಕಳುಹಿಸೋಣ. ಬಿಂಬ 20 ಪಾಲು ಚಿಕ್ಕದಾಗುತ್ತದೆ. ಅದರ ಸರಿತವೂ 20 ಪಾಲು ಕಡಿಮೆಯಾಗಿ 0.022 ಮಿಲಿಮೀಟರಿಗೆ ಇಳಿಯುತ್ತದೆ. ಅದೇ ಕ್ಯಾಮರಾ, ಅದೇ ಷಟರ್. ಆದರೂ ಚಿತ್ರ ಸ್ಪಷ್ಟ. ಅದರಲ್ಲಿ 20 ವ್ಯಾಗನ್ನುಗಳು, ಹೊಳೆ, ಆಕಾಶ ಎಲ್ಲಕ್ಕೂ ಸ್ಥಳವುಂಟು. ಗಾಡಿಯನ್ನು ನೇರ ಪಕ್ಕದಿಂದ ನೋಡದೆ ಓರೆಯಾಗಿ ನೋಡಿದರೆ ಇನ್ನೂ ಅನುಕೂಲ. ನೋಟದ ರೇಖೆಗೂ ಗಾಡಿಯ ದಾರಿಗೂ ನಡುವಣ ಕೋನ 15 ಡಿಗ್ರಿಯಿದ್ದರೆ, ಅದೇ ದೂರದಲ್ಲಿ ಬಿಂಬದ ಅಡ್ಡ ಸರಿತ ಸುಮಾರು ಕಾಲುಭಾಗ ಮಾತ್ರ. ಮೊಬೈಲಿನ ಕ್ಯಾಮರಾಕ್ಕೂ ದೂರವೇ ಹಿತ. ಸಾಮಾನ್ಯವಾಗಿ ಅದು ಚಿತ್ರವನ್ನು ಒಮ್ಮೆಗೇ ಗ್ರಹಿಸದೆ ಸಾಲುಸಾಲಾಗಿ ಗ್ರಹಿಸುವುದರಿಂದ, ಹತ್ತಿರದಲ್ಲಿ ಓಡುವ ವ್ಯಾಗನ್ನು ಒಂದು ಕಡೆಗೆ ವಾಲಿದಂತೆ ಕಾಣುತ್ತದೆ.

ನೀರಿನಲ್ಲಿ ಮೂಡುವ ಪ್ರತಿಬಿಂಬದ ವಿಷಯದಲ್ಲಿಯೂ ದೂರವೇ ನಮ್ಮ ಮಿತ್ರ. ನೀರನ್ನು ನೇರ ಮೇಲಿನಿಂದ ನೋಡಿದರೆ ಅದು ಬೆಳಕಿನ ಶೇಕಡಾ 2ರಷ್ಟನ್ನು ಮಾತ್ರ ಪ್ರತಿಫಲಿಸುತ್ತದೆ. ಪತನ ಕೋನ 60 ಡಿಗ್ರಿಯಾದಾಗ ಇದು ಸುಮಾರು 6, 80 ಡಿಗ್ರಿಯಲ್ಲಿ 35, 85 ಡಿಗ್ರಿಯಲ್ಲಿ 58ಕ್ಕೆ ಏರುತ್ತದೆ. ಆಚೆ ದಡದಲ್ಲಿ ಕ್ಯಾಮರಾ ತಗ್ಗಿಸಿ ಹಿಡಿದಾಗ ನಮ್ಮ ನೋಟ ನೀರನ್ನು ಸವರಿಕೊಂಡು ಹೋಗುತ್ತದೆ. ಗಾಳಿಯಿಲ್ಲದ ಮುಂಜಾವಿನಲ್ಲಿ ತಲೆಕೆಳಗಾದ ಇನ್ನೊಂದು ಗಾಡಿ ನೀರಿನಲ್ಲಿ ಓಡುವುದು ಆಗಲೇ.

ಇನ್ನು ನಮ್ಮನ್ನು ನಡುಗಿಸಿದ ಲೆಕ್ಕ. ತುಂಬಿದ ಬಾಕ್ಸ್‌ಎನ್ ವ್ಯಾಗನ್ನಿನ ತೂಕ ಸುಮಾರು 81 ಟನ್ನು. 58ಕ್ಕೆ ಸುಮಾರು 4,700 ಟನ್ನು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಎಷ್ಟೆಂದರೆ, ಇಡೀ ಗಾಡಿಯನ್ನು ನೆಲದಿಂದ 14 ಮೀಟರ್ ಎತ್ತರಕ್ಕೆ ಎತ್ತಲು ಸಾಕು. ಬ್ರೇಕು ಹಾಕಿದೊಡನೆ ಈ ಶಕ್ತಿಯೆಲ್ಲ ಮಾಯವಾಗಲಾರದು. ವೇಗವು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 0.2 ಮೀಟರಿನಂತೆ ಕುಗ್ಗುವುದಾದರೆ, ಗಾಡಿ ನಿಲ್ಲುವಷ್ಟರಲ್ಲಿ ಸುಮಾರು 700 ಮೀಟರ್ ಮುಂದೆ ಹೋಗಿರುತ್ತದೆ. ಹಳಿಯ ಮೇಲೆ ಹುಡುಗನನ್ನು ಕಂಡ ಚಾಲಕನು ಬ್ರೇಕು ಹಾಕಬಲ್ಲನು, ಸೀಟಿ ಊದಬಲ್ಲನು; ಗಾಡಿಯನ್ನು ಪಕ್ಕಕ್ಕೆ ತಿರುಗಿಸಲಾರನು. ಅನುಮತಿಯಿಲ್ಲದೆ ರೈಲ್ವೆಯ ನೆಲವನ್ನು ಪ್ರವೇಶಿಸುವುದು 1989ರ ರೈಲ್ವೆ ಕಾಯಿದೆಯ 147ನೆಯ ಪ್ರಕರಣದಂತೆ ಅಪರಾಧವೂ ಹೌದು. ಆರು ತಿಂಗಳವರೆಗೆ ಸೆರೆವಾಸ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಈ ಮಾತನ್ನು ಈಗಲೇ ಹೇಳುವುದಕ್ಕೆ ಕಾರಣವುಂಟು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ರಾಯದುರ್ಗಕ್ಕೆ ಹೊಸ ರೈಲು ದಾರಿ 2007–08ರಲ್ಲಿ ಮಂಜೂರಾಯಿತು. ಶಿರಾದ ಮೂಲಕ ಚಿತ್ರದುರ್ಗ, ದಾವಣಗೆರೆಗಳಿಗೆ ಹೋಗುವ ದಾರಿಗೆ 2011–12ರಲ್ಲಿ ಮಂಜೂರಾತಿ ದೊರೆಯಿತು. ರೈಲಿನೊಡನೆ ಬೆಳೆಯದ ಊರುಗಳಿಗೆ ರೈಲು ಬರುವಾಗ ಕುತೂಹಲ ಮೊದಲು ಬರುತ್ತದೆ, ಎಚ್ಚರ ನಿಧಾನವಾಗಿ ಬರುತ್ತದೆ. ಮೊದಲ ಗಾಡಿಯ ಚಿತ್ರ ತೆಗೆಯಲು ಕ್ಯಾಮರಾ ಹಿಡಿದು ಹೊರಡುವವರು ನೀವೇ ಅಲ್ಲವೆ?

ಅಂದು ಸಂಜೆ ನಮ್ಮ ಹುಡುಗನು ಆಚೆ ದಡದಲ್ಲಿ, ಹುಣಿಸೆಯ ಮರದ ಕೆಳಗೆ ಕುಳಿತು ಇನ್ನೊಂದು ಗಾಡಿಗಾಗಿ ಕಾದನು. ಈ ಸಲ ಅವನ ಚಿತ್ರದಲ್ಲಿ ವ್ಯಾಗನ್ನುಗಳನ್ನು ಎಣಿಸಬಹುದಾಗಿತ್ತು. ಎಣಿಸಿದೆವು, ಇಪ್ಪತ್ತು ಇದ್ದವು. ಆ ಚಿತ್ರ ಈಗ ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲಿದೆ. ಅದರ ಕೆಳಗೆ ಅವನು ತಾನೇ ಬರೆದಿಟ್ಟಿದ್ದಾನೆ: ದೂರ, 300 ಮೀಟರ್.